ಓದುಗರ ಪ್ರಶ್ನೆ: ಅತ್ತೆ, ಮಕ್ಕಳು ಮತ್ತು 115 ಕಿಲೋಮೀಟರ್

ಹಿಂದಿನ ಸಂಚಿಕೆಯಲ್ಲಿ ಸ್ಪೇನಿನ ಸಂತಿಯಾಗೊ ಪಾದಯಾತ್ರೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ನಮ್ಮ ಜಿಲ್ಲೆಯಿಂದಲೇ ಇಷ್ಟು ಪತ್ರ ಬರಬಹುದು ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದಕ್ಕೇ ಉತ್ತರ ಕೊಡುತ್ತೇನೆ.

ಪ್ರಶ್ನೆ: ನಾವು ಮನೆಯಲ್ಲಿ ಐದು ಜನ. ನಾನು, ನನ್ನ ಗಂಡ, ಹೈಸ್ಕೂಲಿಗೆ ಹೋಗುವ ಮಗ, 9 ವರ್ಷದ ಮಗಳು, 66 ವರ್ಷದ ಅತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಆದರೆ ದಿನಾ ನಡೆಯುತ್ತಾರೆ. ಸಂತಿಯಾಗೊಗೆ ಎಲ್ಲರೂ ಸೇರಿ ನಡೆದು ಹೋಗಬೇಕು ಅನ್ನೋದು ಅತ್ತೆಯವರದೇ ಆಸೆ. ನೆಂಟರು ಮಾತ್ರ ‘ವಯಸ್ಸಾದವರನ್ನೂ ಮಗುವನ್ನೂ ಕಟ್ಟಿಕೊಂಡು ಅಲ್ಲಿಗೇಕೆ, ವೇಳಾಂಕಣಿಗೆ ರೈಲಲ್ಲಿ ಹೋಗಿ ಬನ್ನಿ’ ಅನ್ನುತ್ತಿದ್ದಾರೆ. ನಿಜವಾಗಿ ಸಾಧ್ಯ ಇದೆಯಾ? – ಬಿಣಗಾ, ಕಾರವಾರ

ಉತ್ತರ: ಸಾಧ್ಯ ಇದೆ. ನಾನೂ ಅತ್ತೆ, ಗಂಡ, ಮಗಳ ಜೊತೆ ಆ ದಾರಿ ನಡೆದವಳು. ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಮೊದಲು ದಾರಿಯ ವಿಷಯ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬರಾದ ಯಾಕೋಬರ ಸಮಾಧಿ ಸ್ಪೇನಿನ ವಾಯವ್ಯ ಮೂಲೆಯ ಗಾಲಿಸಿಯಾ ಪ್ರಾಂತ್ಯದ ಸಂತಿಯಾಗೊ ಊರಿನ ಕೆಥೆಡ್ರಲ್‌ನಲ್ಲಿದೆ ಅನ್ನುವುದು ನಂಬಿಕೆ. ಅಲ್ಲಿಗೆ ಹೋಗಲು ಒಂದೇ ದಾರಿ ಅಂತಿಲ್ಲ. ಎಲ್ಲರಿಗೂ ಗೊತ್ತಿರೋದು ಫ್ರಾನ್ಸಿನ ಗಡಿಯಿಂದ ಶುರುವಾಗುವ ಸುಮಾರು 780 ಕಿ.ಮೀ. ದಾರಿ. ಅದಕ್ಕೆ ಒಂದು ತಿಂಗಳಿಗಿಂತ ಜಾಸ್ತಿ ಬೇಕು. ಮಕ್ಕಳ ಶಾಲೆ, ಗಂಡನ ರಜೆ, ಅತ್ತೆಯ ಕಾಲು ಇವೆಲ್ಲ ನೋಡಿದರೆ ಅದು ನಿಮಗಲ್ಲ. ನೀವು ಸಾರಿಯಾ ಅನ್ನೋ ಊರಿನಿಂದ ಶುರು ಮಾಡಿ. ಅಲ್ಲಿಂದ ಸುಮಾರು 115 ಕಿ.ಮೀ. ಕಾಲ್ನಡಿಗೆಯಲ್ಲಿ ಕನಿಷ್ಠ 100 ಕಿ.ಮೀ. ಬಂದವರಿಗೆ ‘ಕೊಂಪೊಸ್ತೆಲಾ’ ಅನ್ನುವ ಯಾತ್ರೆಯ ಪತ್ರ ಸಿಗುತ್ತದೆ. 2024ರಲ್ಲಿ ಸಂತಿಯಾಗೊದ ಯಾತ್ರಿ ಕಚೇರಿಯಲ್ಲಿ ಹೆಸರು ಬರೆಸಿದವರು ಹೆಚ್ಚು ಕಡಿಮೆ 5 ಲಕ್ಷ ಜನ. ಅವರಲ್ಲಿ ಸಾರಿಯಾದಿಂದ ಹೊರಟವರೇ ಬಹಳ. ಅಂದರೆ ದಾರಿಯಲ್ಲಿ ಜನ ಇರುತ್ತಾರೆ, ಊಟ ಇರುತ್ತದೆ, ಔಷಧಿ ಅಂಗಡಿ ಇರುತ್ತದೆ. ಮನೆಮಂದಿ ಜೊತೆ ಹೋಗುವವರಿಗೆ ಇದು ದೊಡ್ಡ ಅನುಕೂಲ.

ಗೈಡ್ ಪುಸ್ತಕಗಳು ಈ 115 ಕಿ.ಮೀ.ಯನ್ನು 5 ದಿನಕ್ಕೆ ಹಂಚುತ್ತವೆ. ದಿನಕ್ಕೆ 20, 25, ಕೆಲವು ದಿನ ಅದಕ್ಕೂ ಜಾಸ್ತಿ. ನೀವು ಆ ಲೆಕ್ಕ ನೋಡಲೇಬೇಡಿ. 9 ದಿನ ಇಟ್ಟುಕೊಳ್ಳಿ. ಸಾರಿಯಾದಿಂದ ಫೆರೈರೋಸ್, ಅಲ್ಲಿಂದ ಪೋರ್ತೊಮರಿನ್, ಆಮೇಲೆ ವೆಂತಾಸ್ ದೆ ನರೋನ್, ಪಾಲಾಸ್ ದೆ ರೆಯ್, ಮೆಲಿದೆ, ಅರ್ಸುವಾ, ಸಲ್ಸೆದಾ, ಲವಕೊಲ್ಲಾ, ಕೊನೆಗೆ ಸಂತಿಯಾಗೊ. ಹೀಗೆ ಮಾಡಿದರೆ ಯಾವ ದಿನವೂ 20 ದಾಟುವುದಿಲ್ಲ, ಹೆಚ್ಚಿನ ದಿನ 10ರಿಂದ 15ರ ಒಳಗೇ ಮುಗಿಯುತ್ತದೆ. ಬೆಳಿಗ್ಗೆ 8ಕ್ಕೆ ಹೊರಟರೂ ಮಧ್ಯಾಹ್ನ ಊಟದ ಹೊತ್ತಿಗೆ ತಲುಪಿರುತ್ತೀರಿ.

ಈಗ ನಾನು ಮುಖ್ಯ ಅಂದುಕೊಂಡಿರುವ ಮಾತು. ಐದು ಜನ ಒಂದೇ ವೇಗದಲ್ಲಿ ನಡೆಯಬೇಕು ಅಂತ ಹಟ ಹಿಡಿಯಬೇಡಿ. ಹೈಸ್ಕೂಲ್ ಹುಡುಗನ ಕಾಲಿಗೆ ಅಜ್ಜಿಯ ನಡಿಗೆ ಹಿಂಸೆ. ಅಜ್ಜಿಗೆ ತನ್ನಿಂದ ಎಲ್ಲರಿಗೂ ತಡ ಆಗುತ್ತಿದೆ ಅನ್ನೋ ಸಂಕಟ. ಎರಡನೇ ದಿನದ ಮಧ್ಯಾಹ್ನ ಅಷ್ಟೊತ್ತಿಗೆ ಮನೆಯೊಳಗಿನ ಸಣ್ಣ ಜಗಳವೆಲ್ಲ ದಾರಿಗೆ ಬಂದಿರುತ್ತದೆ. ನಾವು ಕಂಡುಕೊಂಡ ಉಪಾಯ ಇಷ್ಟೇ: ಬೆಳಿಗ್ಗೆ ಹೊರಡುವಾಗ ಮುಂದೆ ಎಲ್ಲಿ ಸೇರೋದು ಅಂತ ನಿಗದಿ ಮಾಡುವುದು. ಐದಾರು ಕಿಲೋಮೀಟರಿಗೆ ಒಂದು ಜಾಗ, ಹೆಸರಿರುವ ಹಳ್ಳಿ, ಅಲ್ಲಿನ ಚರ್ಚ್ ಬಾಗಿಲು ಅಥವಾ ಮೊದಲನೇ ಕಾಫಿ ಅಂಗಡಿ. ಅಲ್ಲಿವರೆಗೆ ಅವರವರ ಕಾಲು ಅವರವರಿಗೆ. ಚಿಕ್ಕ ಮಗಳು ಯಾವಾಗಲೂ ದೊಡ್ಡವರೊಬ್ಬರ ಜೊತೆ, ಅತ್ತೆಯ ಜೊತೆ ಕೂಡ ಒಬ್ಬರು. ಸೇರಿದ ಮೇಲೆ ಎಲ್ಲರೂ ಬರುವವರೆಗೆ ಯಾರೂ ಎದ್ದು ಹೊರಡುವ ಹಾಗಿಲ್ಲ, ಮತ್ತು ಕೊನೆಗೆ ಬಂದವರಿಗೂ ಪೂರ್ತಿ ವಿಶ್ರಾಂತಿ ಸಿಗಬೇಕು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ! ಮುಂದೆ ಹೋದವರು ಅರ್ಧ ಗಂಟೆ ಕೂತು ದಣಿವಾರಿಸಿಕೊಂಡಿರುತ್ತಾರೆ, ಹಿಂದಿನವರು ಬಂದ ಕೂಡಲೇ ‘ಹೊರಡೋಣವಾ’ ಅಂತಾರೆ. ಅತ್ತೆಗೆ ಆಗ ಕೂರಲಿಕ್ಕೇ ಸಿಗುವುದಿಲ್ಲ.

ದಿನದಲ್ಲಿ ಒಂದು ಹೊತ್ತು ಮಾತ್ರ ಎಲ್ಲರೂ ಜೊತೆಯಾಗಿ ನಡೆಯಿರಿ. ನಾವು ಬೆಳಗಿನ ಮೊದಲ ಅರ್ಧ ಗಂಟೆ ತೇರ್ಸ್ (ಜಪಮಣಿ ಪ್ರಾರ್ಥನೆ) ಹೇಳುತ್ತಾ ಒಟ್ಟಿಗೆ ಹೋಗುತ್ತಿದ್ದೆವು. ಅತ್ತೆ ಹೇಳುವುದು, ನಾವು ಉತ್ತರಿಸುವುದು. ಅಲ್ಲಿ ಹಳ್ಳಿಗಳ ನಡುವೆ ಕಲ್ಲಿನ ಗೋಡೆಯ ಓಣಿಗಳಿವೆ, ಓಕ್ ಮರ, ನೀಲಗಿರಿ ತೋಪು, ಎದುರಿಗೆ ಹಸುಗಳ ಹಿಂಡು ಬಂದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಹಸುಗಳು ಹೋಗಿ ಮುಗಿಯುವವರೆಗೆ ಅತ್ತೆ ಮಣಿ ಹಿಡಿದ ಬೆರಳು ಕದಲಿಸದೆ ಕಾಯುತ್ತಿದ್ದರು, ಆಮೇಲೆ ಅದೇ ಮಣಿಯಿಂದ ಮುಂದುವರಿಸುತ್ತಿದ್ದರು. ನನ್ನ ಮಗಳು ಆ ಪ್ರಾರ್ಥನೆಗಳನ್ನು ಬಾಯಿಪಾಠ ಕಲಿತದ್ದು ಆ ಓಣಿಗಳಲ್ಲೇ.

ಮಗಳ ಬಗ್ಗೆ ನೀವು ಚಿಂತೆ ಮಾಡಬೇಕಿಲ್ಲ. ಯಾತ್ರಿಗಳಿಗೆ ‘ಕ್ರೆದೆನ್ಸಿಯಾಲ್’ ಅನ್ನೋ ಮಡಿಸುವ ಪುಸ್ತಕ ಇರುತ್ತದೆ. ದಾರಿಯ ಚರ್ಚ್, ವಸತಿ, ಕಾಫಿ ಅಂಗಡಿಗಳಲ್ಲಿ ಅದಕ್ಕೆ ಮೊಹರು ಹಾಕಿಸಿಕೊಳ್ಳಬೇಕು, ಸಾರಿಯಾದಿಂದ ಹೋಗುವವರಿಗೆ ದಿನಕ್ಕೆ ಎರಡು ಬೇಕು. ಮಗಳಿಗೂ ಅವಳದೇ ಪುಸ್ತಕ ಮಾಡಿಸಿ. ಅನೇಕ ಅಂಗಡಿಗಳಲ್ಲಿ ಮೊಹರು ಕೌಂಟರ್ ಮೇಲೆ ಇಂಕ್ ಪ್ಯಾಡಿನ ಜೊತೆ ಹಾಗೇ ಇಟ್ಟಿರುತ್ತಾರೆ, ಮಕ್ಕಳೇ ಒತ್ತಿಕೊಳ್ಳಬಹುದು. ಒಂದೊಂದರ ಚಿತ್ರ ಒಂದೊಂದು ಥರ: ಚಿಪ್ಪು, ಶಿಲುಬೆ, ಸೇತುವೆ. ಮುಂದಿನ ಮೊಹರು ಯಾವುದು ಅನ್ನೋ ಕುತೂಹಲಕ್ಕೇ ಮಕ್ಕಳು ಇನ್ನೆರಡು ಕಿಲೋಮೀಟರ್ ನಡೆಯುತ್ತಾರೆ. ಜೊತೆಗೆ ಗಾಲಿಸಿಯಾದಲ್ಲಿ ದಾರಿಯುದ್ದಕ್ಕೂ ಇನ್ನೆಷ್ಟು ದೂರ ಅಂತ ಬರೆದ ಕಲ್ಲುಗಳಿವೆ. 100ರ ಕಲ್ಲು ಫೆರೈರೋಸ್ ಹತ್ತಿರ ಸಿಗುತ್ತದೆ, ಅಂದರೆ ನಿಮ್ಮ ಮೊದಲ ದಿನದಲ್ಲೇ. ಹಳದಿ ಬಾಣದ ಗುರುತು ಹುಡುಕುವ ಕೆಲಸವನ್ನೂ ಅವಳಿಗೇ ಕೊಡಿ. 1980ರ ದಶಕದಲ್ಲಿ ಎಲಿಯಾಸ್ ವಲಿಞ ಅನ್ನುವ ಹಳ್ಳಿಯ ಪಾದ್ರಿಯೊಬ್ಬರು ಡಬ್ಬಿ ಬಣ್ಣ ಹಿಡಿದು ಈ ಬಾಣಗಳನ್ನು ಬರೆಯಲು ಶುರು ಮಾಡಿದರು. ಆಗ ಈ ದಾರಿಯಲ್ಲಿ ನಡೆಯುವವರೇ ಕಡಿಮೆ ಇದ್ದರು. ಅವರ ಕೆಲಸ ನೆನೆದರೆ ನನಗೆ ಇವತ್ತೂ ಕೈಮುಗಿಯಬೇಕು ಅನಿಸುತ್ತದೆ.

ಅತ್ತೆಯ ಸಕ್ಕರೆ ಕಾಯಿಲೆಗೆ ಮೂರು ಎಚ್ಚರಿಕೆ ಬೇಕು. ಒಂದು, ಹೊರಡುವ ಮೊದಲು ಡಾಕ್ಟರಿಗೆ ದಿನಕ್ಕೆ ನಾಲ್ಕೈದು ಗಂಟೆ ನಡೆಯುತ್ತೇವೆ ಅಂತ ಸ್ಪಷ್ಟವಾಗಿ ಹೇಳಿ. ನಡಿಗೆಯಿಂದ ಸಕ್ಕರೆ ಇಳಿಯುತ್ತದೆ, ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ಅವರೇ ಹೊಂದಿಸಬೇಕು. ಔಷಧಿ, ಚೀಟಿ ಎರಡೂ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ. ಎರಡು, ಊಟದ ಹೊತ್ತು. ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆ ಹೊತ್ತಿಗೆ, ಎಷ್ಟೋ ಹೋಟೆಲ್‌ಗಳಲ್ಲಿ ರಾತ್ರಿ ಊಟ ಎಂಟೂವರೆ ಆದ ಮೇಲೆ. ಅಲ್ಲಿಯವರೆಗೆ ಕಾಯುವುದು ಅತ್ತೆಗೆ ಒಳ್ಳೆಯದಲ್ಲ. ಅವಲಕ್ಕಿ ಒಯ್ಯಿರಿ. ನೀರಿದ್ದರೆ ಸಾಕು, ಒಲೆ ಬೇಡ. ಸರಕಾರಿ ವಸತಿಗಳಲ್ಲಿ ಅಡುಗೆಮನೆ ಇದ್ದರೂ ಹೆಚ್ಚಾಗಿ ಪಾತ್ರೆ ಇರುವುದಿಲ್ಲ, ಹಾಗಾಗಿ ಒಂದು ಸ್ಟೀಲ್ ಡಬ್ಬಿ, ಚಮಚ ಇರಲಿ. ಹಾಲು, ತುಪ್ಪ, ಮಾಂಸದ ಪದಾರ್ಥ ಯುರೋಪಿನೊಳಗೆ ಒಯ್ಯಲು ಬಿಡುವುದಿಲ್ಲ. ಒಣಮೀನು ಬೇಡ, ಒಂದೇ ಕೋಣೆಯಲ್ಲಿ ಇಪ್ಪತ್ತು ಜನ ಮಲಗುವಲ್ಲಿ ವಾಸನೆ ಬೇರೆಯವರಿಗೆ ಕಷ್ಟ. ಮೂರು, ಪ್ರತಿ ರಾತ್ರಿ ಅತ್ತೆಯ ಪಾದವನ್ನು ಬೆಳಕಿನಲ್ಲಿ ಬೆರಳುಗಳ ಸಂದಿಯವರೆಗೆ ನೀವೇ ನೋಡಿ. ಸಕ್ಕರೆ ಇದ್ದವರಿಗೆ ನೋವು ತಿಳಿಯದೇ ಗಾಯ ದೊಡ್ಡದಾಗಬಹುದು. ಬೊಬ್ಬೆ ಬಂದರೆ ಸೂಜಿಯಿಂದ ಚುಚ್ಚಬೇಡಿ, ಔಷಧಿ ಅಂಗಡಿಗೆ ಹೋಗಿ ತೋರಿಸಿ.

ವಸತಿ ಬಗ್ಗೆ. ಯಾತ್ರಿಗಳ ಸಾಮೂಹಿಕ ವಸತಿಗೆ ‘ಅಲ್ಬೆರ್ಗೆ’ ಅನ್ನುತ್ತಾರೆ. ಗಾಲಿಸಿಯಾ ಸರಕಾರದ್ದರಲ್ಲಿ ಒಂದು ಹಾಸಿಗೆಗೆ ಸುಮಾರು 10 ಯೂರೋ, ಆದರೆ ಮೊದಲೇ ಕಾದಿರಿಸಲು ಆಗುವುದಿಲ್ಲ, ಮೊದಲು ಬಂದವರಿಗೆ ಮೊದಲು. ನಿಧಾನ ನಡೆಯುವ ಕುಟುಂಬ ಅಲ್ಲಿ ಸೋಲುತ್ತದೆ. ಖಾಸಗಿ ವಸತಿಯಲ್ಲಿ ಕೋಣೆ ಕಾದಿರಿಸಿ. ಖರ್ಚು ಜಾಸ್ತಿ, ಆದರೆ ಹಾಸಿಗೆ ಸಿಗುತ್ತೋ ಇಲ್ಲವೋ ಅಂತ ಅತ್ತೆಯನ್ನು ಓಡಿಸಬೇಕಾಗುವುದಿಲ್ಲ. ದೊಡ್ಡ ಬ್ಯಾಗನ್ನು ಒಂದು ವಸತಿಯಿಂದ ಮುಂದಿನ ವಸತಿಗೆ ಸಾಗಿಸುವ ವ್ಯವಸ್ಥೆ ಇದೆ, ಸ್ಪೇನಿನ ಅಂಚೆ ಇಲಾಖೆಯೇ ಅದನ್ನು ಮಾಡುತ್ತದೆ. ಅತ್ತೆ ಮತ್ತು ಮಗಳ ಸಾಮಾನನ್ನು ಹಾಗೆ ಕಳಿಸಿ. ಅದರಿಂದ ಪುಣ್ಯ ಕಡಿಮೆ ಆಗುತ್ತೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಶಾಲೆಗೆ ರಜೆ ಇರುವ ಮೇ ತಿಂಗಳು ಒಳ್ಳೆಯದು. ಗಾಲಿಸಿಯಾ ಮಳೆಯ ನಾಡು, ಮೇ ತಿಂಗಳಲ್ಲೂ ಮಳೆ ಬರುತ್ತದೆ. ಕಾರವಾರದವರಿಗೆ ಮಳೆ ಹೊಸದಲ್ಲ, ಆದರೆ ಅಲ್ಲಿಯದು ತಣ್ಣನೆ ಮಳೆ, ಬೆಳಿಗ್ಗೆ ಹತ್ತು ಡಿಗ್ರಿ ಆಸುಪಾಸು ಇರುತ್ತದೆ. ಬ್ಯಾಗನ್ನೂ ಮುಚ್ಚುವ ರೇನ್‌ಕೋಟ್, ತೆಳು ಸ್ವೆಟರ್ ಬೇಕು. ವೀಸಾಕ್ಕೆ ಪ್ರಯಾಣದ 6 ತಿಂಗಳ ಮೊದಲಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ರಕ್ಷಣೆಯ ವೈದ್ಯಕೀಯ ವಿಮೆ ಕಡ್ಡಾಯ. ಅತ್ತೆಗೆ ಮೊದಲೇ ಇರುವ ಕಾಯಿಲೆಗೂ ವಿಮೆ ಅನ್ವಯಿಸುತ್ತದಾ ಅಂತ ಕೇಳಿಯೇ ಹಣ ಕಟ್ಟಿ. ತುರ್ತಿಗೆ ಅಲ್ಲಿಯೂ ನಂಬರ್ 112.

ಅತ್ತೆಗೆ ಯಾವುದಾದರೂ ದಿನ ಆಗಲಿಲ್ಲ ಅಂದರೆ? ಟ್ಯಾಕ್ಸಿ ಹತ್ತಿಸಿ, ಒಬ್ಬರು ಜೊತೆಗೆ ಹೋಗಿ. ಹಾಗೆ ಮಾಡಿದರೆ ಅವರ ಹೆಸರಿಗೆ ಕೊಂಪೊಸ್ತೆಲಾ ಕೇಳಬೇಡಿ, ಅದು ನಡೆದವರಿಗೆ ಕೊಡುವ ಪತ್ರ. ಆದರೆ ಸಮಾಧಿಯ ಮುಂದೆ ಮಂಡಿಯೂರಲು ಯಾವ ಪತ್ರವೂ ಬೇಡ. ಅವರ ಆಸೆ ಇರೋದು ಅಲ್ಲಿಗೆ ಮನೆಯವರೆಲ್ಲರ ಜೊತೆ ತಲುಪುವುದು, ಅಲ್ವಾ? ಇದನ್ನು ಹೊರಡುವ ಮೊದಲೇ ಅವರ ಜೊತೆ ಕೂತು ಮಾತಾಡಿ. ದಾರಿಯಲ್ಲಿ ಕಾಲು ನೋಯುವಾಗ ಈ ಮಾತು ತೆಗೆದರೆ ಅವರಿಗೆ ಅವಮಾನ ಅನಿಸಬಹುದು.

ಇನ್ನು ತಯಾರಿ. ಹೊರಡುವ ನಾಲ್ಕು ತಿಂಗಳ ಮೊದಲೇ ಶುರು ಮಾಡಿ. ಕಡಲತೀರದಲ್ಲಿ ನಡೆದರೆ ಸಾಲದು, ಮರಳು ಬೇರೆ, ಕಲ್ಲಿನ ಏರಿಳಿತ ಬೇರೆ. ಭಾನುವಾರ ಪೂಜೆ ಮುಗಿಸಿ ಗುಡ್ಡಳ್ಳಿ ಕಡೆ ಹತ್ತಿ ಇಳಿಯಿರಿ, ಅತ್ತೆ ಎಷ್ಟು ಆಗುತ್ತೋ ಅಷ್ಟು. ಒಯ್ಯುವ ಶೂ, ಒಯ್ಯುವ ಬ್ಯಾಗ್ ಹಾಕಿಕೊಂಡೇ ನಡೆಯಬೇಕು. ಶೂ ಅರ್ಧ ಸೈಜ್ ದೊಡ್ಡದಿರಲಿ, ನಡೆದ ಮೇಲೆ ಪಾದ ಊದುತ್ತದೆ. ಅತ್ತೆ ಸೀರೆಯಲ್ಲೇ ನಡೆಯುತ್ತೇನೆ ಅಂದರೆ ನಡೆಯಲಿ. ನಮ್ಮ ಅತ್ತೆ ಕಾಟನ್ ಸೀರೆಯನ್ನು ಗಿಣ್ಣಿನ ಮೇಲಕ್ಕೆ ಉಟ್ಟು, ಉಣ್ಣೆಯ ಕಾಲುಚೀಲ, ಶೂ ಹಾಕಿ ನಡೆದರು. ಒಗೆದ ಕಾಲುಚೀಲ ರಾತ್ರಿ ಒಣಗದಿದ್ದರೆ ನನ್ನ ಬ್ಯಾಗಿನ ಹಿಂದೆ ಸೇಫ್ಟಿ ಪಿನ್ನಿನಿಂದ ಸಿಕ್ಕಿಸುತ್ತಿದ್ದರು, ಮಧ್ಯಾಹ್ನದೊಳಗೆ ಗರಿಗರಿ ಆಗುತ್ತಿತ್ತು. ಒಂದು ಡಜನ್ ಪಿನ್ ಮರೆಯಬೇಡಿ.

ಪ್ರಶ್ನೆ: ನಮಗೆ ಸ್ಪೇನ್ ಕೈಗೆಟುಕುವ ಮಾತಲ್ಲ. ನೊವೆನಾ (ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ) ಸಮಯದಲ್ಲಿ ಇಲ್ಲಿಂದ ಹಳೇ ಗೋವಾಕ್ಕೆ ಮಕ್ಕಳ ಜೊತೆ ನಡೆದು ಹೋಗಬಹುದಾ? – ಸದಾಶಿವಗಡ

ಉತ್ತರ: ಹೋಗಬಹುದು, ಆದರೆ ಚಿಕ್ಕ ಮಕ್ಕಳ ಜೊತೆ ಪೂರ್ತಿ ದಾರಿ ಬೇಡ ಅನ್ನುತ್ತೇನೆ.

ಈ ಯಾತ್ರೆ ಸ್ಪೇನಿನದಕ್ಕಿಂತ ಕಡಿಮೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಮ್ಮ ಗೊಯಂಚೊ ಸಾಯಬ್, ಸಂತ ಫ್ರಾನ್ಸಿಸ್ ಝೇವಿಯರ್, ಹುಟ್ಟಿದ್ದು 1506ರಲ್ಲಿ, ಈಗ ಸ್ಪೇನಿನಲ್ಲಿರುವ ನವಾರ್ರ ಪ್ರಾಂತ್ಯದ ಹವಿಯೆರ್ ಕೋಟೆಯಲ್ಲಿ. ಸಂತಿಯಾಗೊಗೆ ಹೋಗುವ ಆ ದೊಡ್ಡ ದಾರಿ ಅದೇ ನವಾರ್ರದ ಪಾಂಪ್ಲೋನಾ ನಗರವನ್ನು ಹಾದು ಹೋಗುತ್ತದೆ. ಅಲ್ಲಿನ ಜನ ಈಗಲೂ ಪ್ರತಿ ಮಾರ್ಚ್‌ನಲ್ಲಿ ಅವರ ಕೋಟೆಗೆ ನಡೆದು ಹೋಗುತ್ತಾರೆ. ಝೇವಿಯರ್ 1542ರ ಮೇ 6ರಂದು ಗೋವಾಕ್ಕೆ ಬಂದಿಳಿದರು, 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ದ್ವೀಪದಲ್ಲಿ ತೀರಿಕೊಂಡರು. ಅವರ ದೇಹ ಇರುವ ಬಾಂ ಜೀಸಸ್ ಬಸಿಲಿಕಾ ನಿಮ್ಮ ಮನೆಯಿಂದ ಸುಮಾರು 100 ಕಿ.ಮೀ. ಅಲ್ಲಿನವರು ಅವರು ಹುಟ್ಟಿದ ಮನೆಗೆ ನಡೆಯುತ್ತಾರೆ, ನಾವು ಅವರು ಮಲಗಿರುವ ಜಾಗಕ್ಕೆ ನಡೆಯುತ್ತೇವೆ.

ನೊವೆನಾ ನವೆಂಬರ್ 24ಕ್ಕೆ ಶುರು, ಹಬ್ಬ ಡಿಸೆಂಬರ್ 3. ಕಾರವಾರ, ಬೆಳಗಾವಿ, ಸಿಂಧುದುರ್ಗದ ಕಡೆಯಿಂದ ತಂಡಗಳು ನಡೆದೇ ಬರುತ್ತವೆ. ತೊಂದರೆ ಇರೋದು ರಸ್ತೆಯಲ್ಲಿ. ಸಂತಿಯಾಗೊ ದಾರಿ ಬಹುಪಾಲು ಹಳ್ಳಿಯ ಓಣಿ, ಇಲ್ಲಿ ನೀವು ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಪಕ್ಕ ನಡೆಯಬೇಕು. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದದ್ದು ನಿಮಗೆ ಗೊತ್ತೇ ಇದೆ. ನಿಮ್ಮ ಊರು ಸೇತುವೆಯ ಗೋವಾ ಕಡೆಗೇ ಇರುವುದರಿಂದ ನಡೆದು ಹೋಗುವಾಗ ಆ ದಾಟು ನಿಮಗಿಲ್ಲ. ಆದರೆ ಪೋಳೆಂ ದಾಟಿ ಕಾಣಕೋಣ ಆದ ಮೇಲೆ ಕರ್ಮಲ್ ಘಾಟ್ ಇದೆ. ತಿರುವು ಮೇಲೆ ತಿರುವು, ಎರಡೂ ಕಡೆ ಕಾಡು, ಪಕ್ಕಕ್ಕೆ ಸರಿಯಲು ಜಾಗ ಇಲ್ಲ. ಮಕ್ಕಳ ಜೊತೆ ಆ ಘಾಟನ್ನು ಬಸ್ಸಿನಲ್ಲೇ ದಾಟಿ.

ಅದಕ್ಕಿಂತ ಒಳ್ಳೆಯದು ಶಿರವಾಡದ ಕಾರವಾರ ಸ್ಟೇಶನ್‌ನಿಂದ ರೈಲಿನಲ್ಲಿ ಮಡಗಾಂವಿಗೆ ಹೋಗಿ, ಅಲ್ಲಿಂದ ಮುಂದಿನ ದಾರಿಯನ್ನು ಮೂರು ದಿನ ಇಟ್ಟುಕೊಂಡು ಒಳರಸ್ತೆಗಳಲ್ಲಿ ನಡೆಯುವುದು. ನಡೆದು ಗೊತ್ತಿರುವ ತಂಡದ ಜೊತೆ ಸೇರಿಕೊಳ್ಳಿ, ಯಾವ ಚರ್ಚಿನಲ್ಲಿ ಮಲಗಲು ಜಾಗ ಕೊಡುತ್ತಾರೆ ಅನ್ನೋದು ಅವರಿಗೆ ತಿಳಿದಿರುತ್ತದೆ. ನಸುಕಿನಲ್ಲಿ ಹೊರಟರೆ ಎಲ್ಲರಿಗೂ ಬೆಳಕಿಗೆ ಹೊಳೆಯುವ ಜಾಕೆಟ್ ಇರಲಿ, ಎದುರಿನಿಂದ ಬರುವ ವಾಹನ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ಸಾಲಾಗಿ ನಡೆಯಿರಿ. ಹತ್ತು ಗಂಟೆಯ ಮೇಲೆ ಬಿಸಿಲು ಬಲಿಯುತ್ತದೆ, ಆಗ ನಿಲ್ಲಿಸಿ. ವಾಪಸ್ ಬರಲು ಹಳೇ ಗೋವಾಕ್ಕೆ ಹತ್ತಿರದ ಸ್ಟೇಶನ್ ಕರ್ಮಳಿ.

ಮಕ್ಕಳು ಇನ್ನೂ ಚಿಕ್ಕವರಾದರೆ ಈ ವರ್ಷ ಕುಮಟಾದಿಂದ ಚಂದಾವರದ ಝೇವಿಯರ್ ಇಗರ್ಜಿಗೆ (ಚರ್ಚಿಗೆ) ನಡೆಯಿರಿ. ಒಂದು ಬೆಳಗಿನ ನಡಿಗೆ ಅಷ್ಟೇ. ಅವರ ಕಾಲು ಏನು ಅಂತ ನಿಮಗೂ ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ತಾಯಿ ಹಳೇ ಗೋವಾಕ್ಕೆ ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತಿದ್ದಾರೆ. ಈಗ ಮಂಡಿ ನೋವು. ಚಪ್ಪಲಿ ಹಾಕಿ ಅಂದರೆ ‘ದೇವರಿಗೆ ಕೊಟ್ಟ ಮಾತು’ ಅಂತ ಅಳುತ್ತಾರೆ. – ಹೊನ್ನಾವರ

ಉತ್ತರ: ನೀವು ವಾದ ಮಾಡಬೇಡಿ, ಅವರನ್ನು ನಿಮ್ಮ ಇಗರ್ಜಿಯ ಫಾದರ್ ಹತ್ತಿರ ಕರೆದುಕೊಂಡು ಹೋಗಿ. ಇದಕ್ಕೆ ಕಥೋಲಿಕ ಧರ್ಮಸಭೆಯಲ್ಲೇ ದಾರಿ ಇದೆ. ಖಾಸಗಿಯಾಗಿ ಹೊತ್ತ ಹರಕೆಯಿಂದ, ನ್ಯಾಯವಾದ ಕಾರಣ ಇದ್ದರೆ, ಬಿಡುಗಡೆ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗೇ ಇದೆ ಅಂತ 1983ರ ಧರ್ಮಸಭೆಯ ಕಾನೂನು ಹೇಳುತ್ತದೆ. ಅಷ್ಟೇ ಅಲ್ಲ, ಹರಕೆ ಹೊತ್ತವರು ಅದರ ಬದಲಿಗೆ ಅಷ್ಟೇ ಅಥವಾ ಅದಕ್ಕಿಂತ ಒಳ್ಳೆಯ ಕೆಲಸವನ್ನು ತಾವೇ ಆರಿಸಿಕೊಳ್ಳಬಹುದು. ಮಗನೋ ಮಗಳೋ ‘ಬಿಡಮ್ಮಾ’ ಅಂದರೆ ಅವರ ಮನಸ್ಸಿಗೆ ಸಮಾಧಾನ ಸಿಗುವುದಿಲ್ಲ. ಫಾದರ್ ಬಾಯಿಂದ ಬಂದರೆ ನಿಶ್ಚಿಂತೆಯಿಂದ ಚಪ್ಪಲಿ ಹಾಕುತ್ತಾರೆ.

ಪ್ರಶ್ನೆ: ಪಕ್ಕದ ಮನೆಯ ಕ್ರಿಶ್ಚಿಯನ್ ಕುಟುಂಬ ಸಂತಿಯಾಗೊಗೆ ಹೊರಟಿದೆ, ನಮ್ಮನ್ನೂ ಕರೆಯುತ್ತಿದ್ದಾರೆ. ನಾವು ಹಿಂದೂಗಳು, ಹೋದರೆ ಅಲ್ಲಿ ಮುಜುಗರ ಆಗುತ್ತಾ? – ಶಿರಸಿ

ಉತ್ತರ: ಖಂಡಿತ ಹೋಗಿ. ಆ ದಾರಿ ಎಲ್ಲರಿಗೂ ತೆರೆದಿದೆ, ಯಾರೂ ನಿಮ್ಮ ಧರ್ಮ ಕೇಳುವುದಿಲ್ಲ. ಹಳಿಯಾಳದ ಕಡೆಯವರ ಪಂಢರಪುರ ದಿಂಡಿ ನೋಡಿದ್ದರೆ ನಡೆದು ಹೋಗುವ ಭಕ್ತಿ ನಿಮಗೆ ಹೊಸದೇನೂ ಅಲ್ಲ. ಕೆಥೆಡ್ರಲ್‌ನ ಪೂಜೆಗೂ ಕೂರಬಹುದು. ಪ್ರಸಾದ ಸ್ವೀಕಾರ ಮಾತ್ರ ಕಥೋಲಿಕರಿಗೆ, ಆಗ ನಿಮ್ಮ ಜಾಗದಲ್ಲೇ ಇದ್ದರೆ ಸಾಕು. ಕೊನೆಯಲ್ಲಿ ಯಾಕೆ ನಡೆದಿರಿ ಅಂತ ಕೇಳುತ್ತಾರೆ. ಭಕ್ತಿಯಿಂದಲೋ ಮನಸ್ಸಿನ ಹುಡುಕಾಟದಿಂದಲೋ ಅಂದರೆ ಕೊಂಪೊಸ್ತೆಲಾ ಸಿಗುತ್ತದೆ, ಬೇರೆ ಕಾರಣಕ್ಕಾದರೆ ಬೇರೆ ಪತ್ರ ಕೊಡುತ್ತಾರೆ. ನಿಜ ಏನೋ ಅದನ್ನೇ ಹೇಳಿ. ಒಂದು ಮಾತು: ಅಲ್ಲಿ ತೂಗುವ ದೊಡ್ಡ ಧೂಪದಾನಿಯನ್ನು ವೀಡಿಯೊದಲ್ಲಿ ನೋಡಿರುತ್ತೀರಿ. ಅದನ್ನು ಪ್ರತಿ ಪೂಜೆಯಲ್ಲೂ ತೂಗುವುದಿಲ್ಲ. ಮಕ್ಕಳಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ಎಲ್ಲರಿಗೂ ಹೋಗುವ ಮನಸ್ಸಿದೆ, 15 ವರ್ಷದ ಮಗನಿಗೆ ಮಾತ್ರ ಇಲ್ಲ. ಬಲವಂತ ಮಾಡಬೇಕಾ? – ಅಂಕೋಲಾ

ಉತ್ತರ: ಬರಲೇಬೇಕು ಅನ್ನಿ, ಪ್ರಾರ್ಥನೆ ಮಾಡಲೇಬೇಕು ಅನ್ನಬೇಡಿ. ಎರಡೂ ಬೇರೆ. ಆಮೇಲೆ ಅವನಿಗೊಂದು ನಿಜವಾದ ಜವಾಬ್ದಾರಿ ಕೊಡಿ. ದಿನದ ದೂರ ಎಷ್ಟು, ಎಲ್ಲಿ ಸೇರೋದು, ಎಲ್ಲಿ ಮಲಗೋದು ಅನ್ನೋದನ್ನು ಅವನೇ ನೋಡಿ ಹಿಂದಿನ ರಾತ್ರಿ ಎಲ್ಲರಿಗೂ ಹೇಳಲಿ, ಮತ್ತು ಅವನು ಹೇಳಿದ್ದನ್ನು ನೀವು ಬದಲಾಯಿಸಬೇಡಿ. ಅವನು 22 ಕಿ.ಮೀ. ಅಂದರೆ ‘ಅಜ್ಜಿಯನ್ನು ಕೇಳಿದ್ಯಾ?’ ಅಂತ ಒಂದೇ ಪ್ರಶ್ನೆ ಹಾಕಿ. ಅವನೇ ಹೋಗಿ ಕೇಳಿ 14ಕ್ಕೆ ಇಳಿಸುತ್ತಾನೆ.